ಅರ್ಕಾವತ್ತು

ಕನ್ನಿಂಗ್‌ಹ್ಯಾಮ್ ರಸ್ತೆಯ ಸಂಜೆ ಕ್ಲಾಸಿನಲ್ಲಿ
'ಶಾಲೆ' ಎಂಬ ಪಾಠ, ಕೊನೆಗೆ ಪದಗಳ ಪಟ್ಟಿ.
ದಿಕ್ತಾದೊ: ಉಕ್ತಲೇಖನ.
ದಿಪ್ಲೋಮಾ: ಗೊತ್ತೇ ಇದೆ.
ದಿಸ್ಲೆಕ್ಸಿಯಾ:
ಇದೇನು ಮಿಸ್, ಅಂದೆ.

ಮೂವತ್ತೆಂಟರ ನಾನು, ಹೆಬ್ಬಾಳದ ಗುಲಾಬಿ ರಫ್ತು ಆಫೀಸಿನವಳು,
ವಲೆನ್ಸಿಯಾದ ಗಿರಾಕಿಗೆ ಫೋನಿನಲ್ಲಿ
'ಮೊಗ್ಗು ಇನ್ನೂ ಬಿರಿದಿಲ್ಲ ಸ್ವಾಮಿ' ಅನ್ನುವಷ್ಟು
ಸ್ಪ್ಯಾನಿಷ್ ಸಾಕೆಂದು ಬಂದವಳು.

ನಿಲೋಫರ್ ಮಿಸ್ ಬೋರ್ಡು ಒರೆಸುತ್ತಲೇ ಹೇಳಿದರು:
ಅಕ್ಷರ ಕಣ್ಣಿಗೆ ಬೀಳುತ್ತೆ, ಸದ್ದು ಕಿವಿಗೆ ಬೀಳುತ್ತೆ,
ಎರಡಕ್ಕೂ ಗಂಟು ಬೀಳೋದು ಮಾತ್ರ ತಡ.
ಬುದ್ಧಿಗೂ ಅದಕ್ಕೂ ಸಂಬಂಧ ಇಲ್ಲ.
ಹೇಳಿ ಮುಂದಿನ ಪದಕ್ಕೆ ಹೋದರು.
ನಾನು ಹೋಗಲಿಲ್ಲ.

ಕಾಮಾಕ್ಷಿಪಾಳ್ಯದ ಶಾಲೆಯಲ್ಲಿ ಇದಕ್ಕೆ ಬೇರೆ ಪದಗಳಿದ್ದವು.
ದಡ್ಡಿ. ಮೈಗಳ್ಳಿ.
ಪರೀಕ್ಷೆ ಹತ್ತಿರ ಬಂದಾಗ, 'ಹೋಗ್ಲಿ ಬಿಡಿ, ಪಾಪ.'
ಮ ಬರೆಯುವಷ್ಟರಲ್ಲಿ ಬಾಲ ಕಳಚಿ ವ ಆಗುತ್ತಿತ್ತು,
ನಮ್ಮ ಮನೆ ವನೆ.
ಪ, ಷ, ಫ ಒಂದೇ ತಾಯಿಯ ಮಕ್ಕಳ ಹಾಗೆ
ಅಂಗಿ ಬದಲಿಸಿಕೊಂಡು ಬರುತ್ತಿದ್ದವು.

ಹೆಸರೂ ಬರುತ್ತಿರಲಿಲ್ಲ.
ಊರ್ಮಿಳಾ.
ಕಿವಿಗೆ ಊ ಆದಮೇಲೆ ರ, ರ ಆದಮೇಲೆ ಮಿ.
ಕೇಳಿದ ಹಾಗೇ ಬರೆದೆ.
ಸರ್ವಮಂಗಳಾ ಮೇಡಂ ಸ್ಲೇಟು ಕಸಿದುಕೊಂಡರು:
ರ ಮೊದಲು ಕೇಳುತ್ತೆ ಕಣೇ, ಆದರೆ ಆಮೇಲೆ ಬರೀಬೇಕು,
ಅದು ಅರ್ಕಾವತ್ತು.
ಸೂರ್ಯನಿಗೂ ಹಾಗೇ, ಕರ್ಪೂರಕ್ಕೂ, ವರ್ಷಕ್ಕೂ,
ಅರ್ಕಾವತ್ತಿಗೂ.
ಇಡೀ ನಾಡು ಸೇರಿ ಹಿಂದುಮುಂದು ಮಾಡಿದರೆ ವ್ಯಾಕರಣ.
ನನ್ನ ಪಾಲಿಗೆ ಬೆತ್ತ.

ಇಂಗ್ಲಿಷಿನದು ಇನ್ನೂ ಕಿಲಾಡಿತನ.
ಡಿಸ್ಲೆಕ್ಸಿಯಾ ಎಂಬ ಪದದೊಳಗೇ ಒಂದು ವೈ ಬಚ್ಚಿಟ್ಟಿದೆ,
ಯಾರಿಗೆ ಇದೆಯೋ ಅವರೇ ಬರೆಯಲಾಗದಂತೆ.
ಸ್ಪ್ಯಾನಿಷ್ ಆ ಜಾಗದಲ್ಲಿ ಸೀದಾ ಐ ಇಟ್ಟಿದೆ.
ಬರೆದ ಹಾಗೆ ಓದು, ಹೆಚ್ಚುಕಮ್ಮಿ ಕನ್ನಡದಂತೆ.
ಕರುಣೆಯೆಂದುಕೊಂಡೆ, ಪಟ್ಟಿ ಮುಗಿಯುವವರೆಗೆ.

ಫಾಲ್ತಾ ಅಂದರೆ ತಪ್ಪು.
ಹಾಜರಿ ಪುಸ್ತಕದಲ್ಲಿ ಅದೇ ಪದ: ಬಂದಿಲ್ಲ.
ನಮ್ಮ ಬೀದಿಯ ಫಾಲ್ತುವಿಗೂ ಇದಕ್ಕೂ ನಂಟಿಲ್ಲ ಅಂದರು ಮಿಸ್,
ನನ್ನ ಕಿವಿ ಒಪ್ಪಲಿಲ್ಲ.
ನಪಾಸಾಗುವುದಕ್ಕೆ ಅವರು ಬಳಸುವ ಪದದ ಇನ್ನೊಂದರ್ಥ ತೂಗುಹಾಕುವುದು.
ಏಳನೇ ಕ್ಲಾಸಿನಲ್ಲಿ ಎರಡು ವರ್ಷ ನೇತಾಡಿದ್ದೇನೆ,
ಗೊತ್ತು.
ಬೊರ್ರಾದೋರ್: ಅಳಿಸುವ ರಬ್ಬರು.
ಮತ್ತೆ ಅದೇ ಬೊರ್ರಾದೋರ್: ಕರಡು ಪ್ರತಿ.
ಇದೊಂದನ್ನು ಅಂಗೈಯಲ್ಲಿ ಬರೆದುಕೊಂಡೆ,
ಎರಡು ರ, ಎರಡೂ ಸರಿಯಾಗಿ.

ಮನೆಗೆ ಬಂದರೆ ಅಮ್ಮ ಅಗರಬತ್ತಿ ಹೊಸೆಯುತ್ತಿದ್ದಳು,
ಮೊಣಕೈವರೆಗೂ ಮಸಿ.
ನನಗಿದ್ದದ್ದಕ್ಕೆ ಒಂದು ಹೆಸರಿದೆಯಂತಮ್ಮ.
ಏನಂತೆ?
ಡಿಸ್ಲೆಕ್ಸಿಯಾ.
ಡಿಕ್ಸೆಲಿಯಾ, ಅಂದಳು. ಮತ್ತೆ, ಡಿಲೆಕ್ಸಿಸಾ.
ನಕ್ಕಳು. ಕಡ್ಡಿ ಎತ್ತಿಕೊಂಡಳು.

ಆಗ ನೆನಪಾಯಿತು ಬಸ್‌ಸ್ಟಾಪು.
'ಕನ್ನಡಕ ಮರೆತು ಬಂದೆ, ನಂಬರು ನೀನೇ ನೋಡು ಮಗಾ.'
ನಾನು ತೊಂಬತ್ತಾರು ಅನ್ನುತ್ತಿದ್ದೆ,
ಅದು ಅರವತ್ತೊಂಬತ್ತಾಗಿರುತ್ತಿತ್ತು.
ಎಲ್ಲೋ ಇಳಿದು, ಮಾಗಡಿ ರೋಡಿನುದ್ದಕ್ಕೂ
ಬೋರ್ಡುಗಳ ಕೆಳಗೆ ನಡೆದು ಬರುತ್ತಿದ್ದೆವು,
ಅಮ್ಮ ಒಂದು ದಿನವೂ ಬೈಯಲಿಲ್ಲ.

ಮನೆಯಲ್ಲಿ ಕನ್ನಡಕ ಎಲ್ಲಿತ್ತು?
ಗೂಡಿನಲ್ಲಿ, ಟ್ರಂಕಿನಲ್ಲಿ, ದೇವರ ಪಟದ ಹಿಂದೆ
ಒಂದೊಂದನ್ನೇ ತೆರೆದು ನೆನೆಯುತ್ತಾ ಕೂತೆ.
ಅಮ್ಮ ಕತ್ತಲಲ್ಲೇ ಬತ್ತಿ ಎಣಿಸುತ್ತಿದ್ದಳು,
ಬೆರಳಿನಿಂದ,
ಒಂದೂ ತಪ್ಪದ ಹಾಗೆ.