ನಾಲ್ಕನೆಯ ಟ್ರ್ಯಾಕಿನ ಕೆಮ್ಮು

ನಾಲ್ಕನೆಯ ಟ್ರ್ಯಾಕು, ಎರಡು ನಿಮಿಷ ಹನ್ನೊಂದು ಸೆಕೆಂಡು:
ಅಲ್ಲಿ ಕೆಮ್ಮುವವನು ನಾನು.

ಡಂಡೀ ಊರು. ತೊಂಬತ್ತೆಂಟರ ಫೆಬ್ರವರಿ.
ಮೊರ್ವೆನ್ ಟಲಕ್ ಎಂಬ ಹುಡುಗಿಯ ಮೂರನೇ ಮಹಡಿಗೆ
ಬಾಯ್ಲರ್ ರಿಪೇರಿಗೆಂದು ಹೋಗಿದ್ದೆ.
ಅವಳಿಗೆ ಅದು ರಿಪೇರಿಯಾಗುವುದೇ ಬೇಕಿರಲಿಲ್ಲ.
"ಸ್ವಲ್ಪ ತಡೀರಿ, ಗುರುಗುಡಲಿ" ಅಂದಳು,
ಮೈಕನ್ನು ಕಾಲುಚೀಲದಲ್ಲಿ ಸುತ್ತಿ ಕೊಳವೆಗೆ ಕಟ್ಟಿದಳು.
ತಡೆದೆ. ಕೆಮ್ಮು ತಡೆಯಲಿಲ್ಲ.
ಕ್ಷಮಿಸಿ, ಅಂದೆ.
ಆಮೇಲೆ ಕ್ಷಮೆಯನ್ನು ಅಳಿಸಿ
ಕೆಮ್ಮನ್ನು ಉಳಿಸಿಕೊಂಡಳು.

ಅವಳ ಮೊದಲ ಆಲ್ಬಮ್ಮು. ಹತ್ತು ಟ್ರ್ಯಾಕು, ಹಾಡುವವರಿಲ್ಲ.
ಟೇ ನದಿಯ ಸೇತುವೆ ಮೇಲೆ ರಾತ್ರಿಯ ಗೂಡ್ಸು,
ಮುಚ್ಚಿದ ಸೆಣಬಿನ ಗಿರಣಿಯ ಕದ,
ಕೆಳಗೆಲ್ಲೋ ಸಿಂಥಸೈಸರು,
ಮೂಗು ಕಟ್ಟಿದ ಹಸುಗೂಸು ನಿದ್ದೆ ಹೋದ ಹಾಗೆ.
ಅಂಗಡಿಯಲ್ಲಿ ಮಾರಿದ್ದು ಇನ್ನೂರ ನಲವತ್ತು ಪ್ರತಿ.
ಒಂದು ನನ್ನದು. ದುಡ್ಡು ಕೊಟ್ಟೇ ಕೊಂಡೆ.

ಆಮೇಲೆ ಕಾರಿನವರು ಬಂದರು.
ಒಂದನೆಯದು ಕಾರಿಗೆ, ಮೂರು ಮೊಸರಿಗೆ,
ಆರೋ ಏಳೋ ವಿಮೆಗೆ, ಇನ್ನೊಂದು ಯಾವುದೋ ಶಾಂಪೂವಿಗೆ,
ಜಲಪಾತದ ಕೆಳಗೆ ಕೂದಲು ಬಿಚ್ಚಿಕೊಂಡವಳ ಜೊತೆ.
ಒಂಬತ್ತನ್ನು ಯಾರೂ ಕೇಳಲಿಲ್ಲ. ಅವಳಿಗೆ ಇಷ್ಟವಾದದ್ದು ಅದೊಂದೇ.
ನಾಲ್ಕನ್ನು ಎಲ್ಲರೂ ಕೇಳಿದರು.

ಬ್ಯಾಂಕಿನ ಫೋನಿನಲ್ಲಿ, ಕಾಯುವವರ ಕಿವಿಗೆ, ನಾನು ಕೆಮ್ಮುತ್ತಿದ್ದೆ.
ಸಾಲಕ್ಕೆಂದು ಫೋನು ಹಿಡಿದು ಕಾದವನೂ ನಾನೇ.
ಇಬ್ಬರಲ್ಲಿ ಯಾರಿಗೂ ಉತ್ತರ ಬರಲಿಲ್ಲ.

"ಪಾಲು ಕೇಳು" ಅಂದಳು ಹೆಂಡತಿ ರೋನಾ.
ಒಂದು ಸೆಕೆಂಡಿಗೆ ಎಂಥ ಪಾಲು?
ಮೊರ್ವೆನ್ ತಾನಾಗಿಯೇ ಒಮ್ಮೆ ಬಂದಳು, ಹೊಸ ಕೋಟು ತೊಟ್ಟು,
ಲಕೋಟೆಯನ್ನು ಟೀ ಕಪ್ಪಿನ ಅಡಿಗಿಟ್ಟಳು.
ಎರಡನೆಯ ಆಲ್ಬಮ್ಮು ಯಾವಾಗ, ಕೇಳಿದೆ.
"ಏನು ಬಾರಿಸಿದರೂ ಏನನ್ನೋ ಮಾರಿದ ಹಾಗೆ ಕೇಳಿಸುತ್ತೆ, ಡೂಗಲ್."
ಹೊರಡುವ ಮುನ್ನ ನಮ್ಮ ಬಾಯ್ಲರಿಗೆ ಕಿವಿಗೊಟ್ಟು ನಿಂತಳು.
ಅದು ತುಟಿ ಪಿಟಕ್ಕೆನ್ನಲಿಲ್ಲ.
ನಾನೇ ರಿಪೇರಿ ಮಾಡಿದ್ದು.

ಕೊನೆಗೆ ಕೆಮ್ಮಿನ ಔಷಧಿಯವರೂ ನಾಲ್ಕನ್ನೇ ಕೊಂಡರು,
ಕೆಮ್ಮನ್ನು ಕತ್ತರಿಸಿ.

ಈಗ ಎದೆಯ ಆಸ್ಪತ್ರೆಯ ಬೆಂಚಿನ ಮೇಲಿದ್ದೇನೆ.
ಹಳೇ ಕೊಳವೆಗಳ ಕಲ್ನಾರು ಕೆರೆದು
ಮೂವತ್ತು ವರ್ಷ ಹೊಟ್ಟೆ ಹೊರೆದವರು, ಏಳೆಂಟು ಜನ.
ಗೋಡೆಯ ಟೀವಿಗೆ ದನಿಯಿಲ್ಲ.
ಆ ಜಾಹೀರಾತು ಬಂತು: ಚಮಚ, ಮಗು, ಜೇನಿನ ಬಣ್ಣ.
ಲೆಕ್ಕ ನನಗೆ ಬಾಯಿಪಾಠ.
ಸರಿಯಾದ ಜಾಗಕ್ಕೆ ಕೆಮ್ಮಿದೆ.

ಪಕ್ಕದವನೂ ಕೆಮ್ಮಿದ,
ಅರ್ಧ ತಾಳ ತಡವಾಗಿ.