ಎರಡನೇ ಮಂಗಳವಾರ

ಸಂಜೆ ನಾಲ್ಕೂ ಇಪ್ಪತ್ತಕ್ಕೆ ಡಾರ್ಟ್‌ಮಂಡಿನಿಂದ ಫೋನು:
ಮಗುವಿಗೆ ಜ್ವರ, ಕ್ಷಮಿಸಿ, ಇವತ್ತು ಬರಲಾಗದು.
ಮಗುವಿನ ಜ್ವರದೆದುರು ವಾದವುಂಟೆ?
ಬೇಗ ಗುಣವಾಗಲಿ ಅಂದೆ. ಮನಸ್ಸು ಆಗಲೇ
ಹೆಸರುಗಳ ಪಟ್ಟಿಯ ಮೇಲೆ ಬೆರಳಾಡಿಸುತ್ತಿತ್ತು.

ಹನ್ನೆರಡು ವರ್ಷ. ತಿಂಗಳಿಗೊಂದು ಎರಡನೇ ಮಂಗಳವಾರ.
ವುಪ್ಪರ್ಟಾಲಿನಲ್ಲಿ, ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿ,
ಪರ್ಲ್ ಬರೆಯುವ ನಾವು ಸೇರುತ್ತೇವೆ.
ಒಂದು ಕಾಲಕ್ಕೆ ಕುರ್ಚಿ ಸಾಲದೆ ಕಿಟಕಿಕಟ್ಟೆಯ ಮೇಲೂ ಜನ.
ಈಗ ಇರುವ ಕುರ್ಚಿ ಹದಿನೆಂಟು, ಹಾಕುವುದು ಒಂಬತ್ತು,
ಏಳು ಮಂದಿ ಬಂದರೂ ತುಂಬಿದ ಹಾಗೆ ಕಾಣಲೆಂದು.
ಈ ಲೆಕ್ಕ ಯಾರೂ ಹೇಳಿಕೊಟ್ಟದ್ದಲ್ಲ.

ಮಾತಾಡಿಸುವವಳ ವಿದ್ಯೆ ಇಷ್ಟೇ:
ಪ್ರೊಜೆಕ್ಟರಿಗೆ ಮೂರು ಬಗೆಯ ತಂತಿ, ರಿಮೋಟಿಗೆ ಎರಡು ಸೆಲ್ಲು,
ಉಪ್ಪುಕಡ್ಡಿಯ ಪೊಟ್ಟಣ,
ಬಂದೇ ಬರುತ್ತೇನೆಂದವರನ್ನು ಅರ್ಧಕ್ಕೆ ಎಣಿಸುವುದು,
ನನಗೇನೂ ಗೊತ್ತಿಲ್ಲ ಅಂದವರನ್ನು ಬಿಡದಿರುವುದು.

ಆನ್ಸ್‌ಗಾರನಿಗೆ ಫೋನು ಹಚ್ಚಿದೆ.
ಆರು ವರ್ಷದಿಂದ ಹೀಟರಿನ ಪಕ್ಕ ಅದೇ ಕುರ್ಚಿ.
ಕೋಟು ಬಿಚ್ಚದೆ ಕೂತು, ಒಂದು ಪ್ರಶ್ನೆಯೂ ಕೇಳದೆ,
ಕೊನೆಗೆ ಎಲ್ಲರ ಲೋಟ ತೊಳೆದಿಟ್ಟು ಹೋಗುವವನು.
ನೀರಿನ ಕಚೇರಿಯಲ್ಲಿ ಬಿಲ್ಲು ಮಾಡುವ ಕೆಲಸ.
"ನನ್ನ ಹತ್ತಿರ ಹೇಳುವಂಥದ್ದು ಏನಿದೆ, ರೋಸ್ವಿಟಾ?"
"ನಾಚಿಕೆಯಾಗುವ ಸಾಲೊಂದಿದ್ದರೆ ಅದನ್ನೇ ತಾ."
ಆಚೆಯಿಂದ ಬಹಳ ಹೊತ್ತು ಮಾತಿಲ್ಲ.
ಆಮೇಲೆ: "ಒಂದೇ ಸಾಕಾ?"

ಏಳೂವರೆಗೆ ಎಂಟು ಮಂದಿ. ಗೋಡೆಯ ಮೇಲೆ ಆ ಸಾಲು.
ಒಂದೇ ಒಂದು ಬೀದಿಯ ಲೆಕ್ಕಕ್ಕೆ, ಕಟ್ಟಕಡೆಗೆ, ಕೂಡು ಒಂದು.
ಪಕ್ಕದಲ್ಲಿ ಟಿಪ್ಪಣಿ: "ಯಾಕೋ ತಿಳಿಯದು. ಮುಂದಿನ ವಾರ ನೋಡುವೆ."
ಬರೆದವರು ನಿವೃತ್ತರಾಗಿ, ತೀರಿಕೊಂಡೂ ಆಯಿತು.
ಆ ಮುಂದಿನ ವಾರ ಇನ್ನೂ ಬಂದಿಲ್ಲ.

"ಮೆಟ್ಟಿಲುಗಳ ಬೀದಿ," ಅಂದ ಆನ್ಸ್‌ಗಾರ್, ನೆಲ ನೋಡುತ್ತ.
"ಹನ್ನೊಂದು ಮನೆ. ಒಂದನ್ನು ತೆಗೆದರೆ ನೀರು ತಾಳೆಯಾಗದು.
ಪ್ರತಿ ಜನವರಿ ಅಳಿಸುತ್ತೇನೆ.
ಮತ್ತೆ ಹಾಕುತ್ತೇನೆ."

ಕಿಟಕಿಯಾಚೆ ಹಳಿಗೆ ಜೋತುಬಿದ್ದ ರೈಲು
ನದಿಯ ಮೇಲೆ ಹಾಯಿತು. ಆ ಸದ್ದಿಗೆ ಇಲ್ಲಿ
ವಾಕ್ಯದ ನಡುವೆಯೇ ತಡೆದು ನಿಲ್ಲುವುದು ಎಲ್ಲರಿಗೂ ಅಭ್ಯಾಸ.
ರೈಲು ಹೋಯಿತು. ಮೌನ ಮಾತ್ರ ಹೋಗಲಿಲ್ಲ.

ಆಮೇಲೆ ನೋಡಿ, ಸಂತೆ.
"ಎಣಿಕೆ ಸೊನ್ನೆಯಿಂದ ಶುರುವಾಗಿರಬೇಕು," ಕಾಲೇಜಿನ ಹುಡುಗಿ ನೆಸ್ಲಿಹಾನ್.
ಅಲ್ಲ. "ಅಧಿಕ ವರ್ಷ!" ಹೈನರ್‌ಗೆ ಎಲ್ಲವೂ ಅಧಿಕ ವರ್ಷವೇ.
ಅದೂ ಅಲ್ಲ. ಯಾರೋ ಬೋರ್ಡಿನ ತುಂಬ ಮನೆ ಬರೆದರು,
ಮನೆಗೊಂದು ಕೊಳವೆ ಎಳೆದರು, ಬಿಯರು ಬೆಚ್ಚಗಾಯಿತು.
ಆನ್ಸ್‌ಗಾರ್ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ್ದನ್ನು
ನಾನೊಬ್ಬಳೇ ನೋಡಿದೆ.

ಹತ್ತಕ್ಕೆ ಬೀಗದ ಕೈ ವಾಪಸು ಕೊಡಬೇಕು.
ಹತ್ತೂ ಹತ್ತಕ್ಕೆ ಬಾಗಿಲಲ್ಲಿ ಫ್ರೌ ಕ್ಲಪ್‌ರೋಟ್,
ಮನೆಚಪ್ಪಲಿಯಲ್ಲೇ, ಅಂಗೈ ಚಾಚಿಕೊಂಡು.
ಗೋಡೆಯ ಮೇಲಿನ ಬೀದಿಯ ಹೆಸರು ಓದಿದರು.
"ನಮ್ಮ ಬೀದಿ. ಹನ್ನೊಂದಲ್ಲ, ಹನ್ನೆರಡು.
ಹಿಂದಿನ ಅಂಗಳದಲ್ಲಿ ಎಲ್ಲರಿಗೂ ಸೇರಿ
ಬಟ್ಟೆ ಒಗೆಯುವ ಮನೆಯೊಂದಿತ್ತಲ್ಲ?
ಕೆಡವಿದರು. ನಲ್ಲಿ ಹಾಗೇ ಇದೆ.
ಅದಕ್ಕೆ ನಂಬರಿಲ್ಲ. ನನ್ನ ಜಿರೇನಿಯಂ ಕುಂಡಗಳಿಗೆ ಅದೇ ನೀರು."

ಆನ್ಸ್‌ಗಾರ್ ಕೀಲಿಮಣೆಗೆ ಬಾಗಿದ. ಸಾಲನ್ನು ಮುಟ್ಟಲಿಲ್ಲ.
ಟಿಪ್ಪಣಿಯನ್ನು ಮಾತ್ರ ಅಳಿಸಿ, ಎರಡು ಬೆರಳಲ್ಲಿ, ನಿಧಾನ,
ಬರೆದ: "ಅಂಗಳದ ನಲ್ಲಿ."

ಮಾತಾಡಿದವರಿಗೆಂದು ತಂದ ವೈನಿನ ಬಾಟಲಿ ಅವನಿಗೆ ಕೊಟ್ಟೆ.
ಅವನು ಅದನ್ನು ಆಕೆಗೆ ದಾಟಿಸಿದ.
ಆಕೆ ಬಾಟಲಿ ತೆಗೆದುಕೊಂಡರು, ಬೀಗದ ಕೈಯನ್ನೂ.
"ಮುಂದಿನ ಸಲ ಹತ್ತೆಂದರೆ ಹತ್ತು."

ಅರ್ಧ ಮೆಟ್ಟಿಲು ಇಳಿದಾಗ ನೆನಪಾಯಿತು:
ಲೋಟಗಳು ಹಾಗೇ ಇವೆ, ಒಳಗೆ, ಮೇಜಿನ ಮೇಲೆ.
ಇವತ್ತು ತೊಳೆದವರೇ ಇಲ್ಲ.