ಅರ್ಧ ಗ್ರಾಂ ಚಿಲ್ಲರೆ

ವಿರಾಜಪೇಟೆಯ ಗಡಿಯಾರ ಕಂಬದ ಹತ್ತಿರ
ಚಿನ್ನ ತೂಗುವ ದತ್ತಾರಾಮ ಶೇಟರು
ಕನ್ನಡಕ ಹಣೆಗೇರಿಸಿ ನನ್ನ ಡಬ್ಬಿ ನೋಡಿದರು:
'ನಲವತ್ತು ವರ್ಷದಲ್ಲಿ
ಸೀಸ ತಂದ ಗಿರಾಕಿ ನೀವೇ ಮೊದಲು, ಚೋಂದಮ್ಮ.'
ಆದರೂ ಫ್ಯಾನು ಆರಿಸಿದರು,
ತಕ್ಕಡಿಯ ಗಾಜಿನ ಬಾಗಿಲು ತೆರೆದರು.

ಚಿಮಟದಲ್ಲಿ ಒಂದೊಂದೇ ಗುಂಡು.
ಸೊನ್ನೆ ಬಿಂದು ಐದು ಮೂರು.
ಐದು ಮೂರು.
ಐದು ನಾಲ್ಕು. ಅದನ್ನು ಬೇರೆ ಇಟ್ಟೆ.

ತಲೆ ಚಪ್ಪಟೆ, ನಡು ಸಣ್ಣ,
ನೆರಿಗೆಯೆಲ್ಲ ಹಿಂದಕ್ಕೆ, ನಮ್ಮ ಸೀರೆಯ ಹಾಗೆ.
ನೆರಿಗೆ ನಲುಗಿದರೆ ಗಾಳಿ ಸೋರುತ್ತದೆ.
ಅಂಥವನ್ನೆಲ್ಲ ಐಯಣ್ಣ ಭಾವನ ಮಗ
ಗಾಳದ ಭಾರಕ್ಕೆಂದು ಒಯ್ಯುತ್ತಾನೆ;
ಹಲ್ಲಲ್ಲಿ ಕಚ್ಚಬೇಡ, ಸೀಸ ಅದು, ಎಂದು
ಗೇಟಿನವರೆಗೂ ಬೈಯುತ್ತ ಹೋಗುತ್ತೇನೆ.

ಬಡಗಿ ಮೊಯ್ದುವಿನ ವೈಸಿಗೆ ಪಿಸ್ತೂಲು ಬಿಗಿದು
ಮೂರು ಡಬ್ಬಿಯಿಂದ ಐದೈದು ಹೊಡೆದಿದ್ದೆ.
ದುಬಾರಿಯದು
ಕೋಳಿಗೆ ಎರಚಿದ ನುಚ್ಚಿನಂತೆ ಚೆದುರಿತು.
ಮಂಕು ಬಣ್ಣದ ಅಗ್ಗದ್ದು
ಐದನ್ನೂ ಒಂದೇ ತೂತಿನಲ್ಲಿ ಇಟ್ಟಿತು.
ಮೊಯ್ದು ಬೀಡಿ ಆರಿದ್ದನ್ನೂ ಮರೆತ.
ನಳಿಗೆಗೂ ನಾಲಿಗೆಯಿದೆ.
ಅದು ಕೇಳಿದ್ದನ್ನು ಬಡಿಸಬೇಕು.

ಪಿಸ್ತೂಲು ಸೆಕೆಂಡ್‌ಹ್ಯಾಂಡು.
ಮರದ ಹಿಡಿಯಲ್ಲಿ ಯಾರದೋ ಹೆಬ್ಬೆರಳಿನ ಹೊಂಡ
ಇನ್ನೂ ಬೆಚ್ಚಗಿದ್ದಂತೆ ಇತ್ತು.
ಪುಟ್ಟಿ ತುಂಬಿ, ಮೂರು ಭಾನುವಾರ ಉಜ್ಜಿ,
ನನ್ನ ಅಂಗೈ ಮಾಡಿಕೊಂಡೆ. ಪೂರ್ತಿ ಅಲ್ಲ;
ಕಿರುಬೆರಳಿನ ಹತ್ತಿರ ಅವರು ಸ್ವಲ್ಪ ಉಳಿದಿದ್ದಾರೆ.

ಒಲೆಯ ಕಟ್ಟೆಯಿಂದ ಬಚ್ಚಲ ಗೋಡೆಗೆ ಹತ್ತು ಮೀಟರು,
ಎರಡು ಬಾಗಿಲು ತೆರೆದಿಟ್ಟರೆ.
ಹಂಡೆಯ ಮೇಲೆ ಗುರಿಕಾಗದ.
ತಾಲ್ಲೂಕು ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷ
ಕಡತಕ್ಕೆ ಪಂಚ್ ಹೊಡೆದವಳು ನಾನು.
ಅದೇ ದುಂಡು ತೂತು, ಅದೇ ಟಪ್ ಸದ್ದು.
ಕಾಗದ ಮಾತ್ರ ದೂರ ಸರಿದಿದೆ.

'ಕೋತಿ ಓಡಿಸಲು ಕೊಡು,' ಎಂದರು ಭಾವ,
'ಕಾಫಿಯಾದರೂ ಉಳಿಯಲಿ.'
ಕಾಗದ ಬಿಟ್ಟು ಬೇರೇನನ್ನೂ ಇದು ಮುಟ್ಟಿಲ್ಲ ಎಂದೆ.
'ಕಾಗದಕ್ಕೆ ಇಷ್ಟು ದುಡ್ಡೇ?'
ಅವರ ನಗು ಮೆಟ್ಟಿಲಿಳಿಯುವವರೆಗೂ ಕೇಳಿಸಿತು.

ಕೈಲ್‌ಪೊಳ್ದಿನ ದಿನ ಐನ್‌ಮನೆಯಲ್ಲಿ
ಕೋವಿಗಳ ಸಾಲು, ಗಂಧದ ಬೊಟ್ಟು,
ಒಂದೊಂದು ನಳಿಗೆಗೂ ಒಂದೊಂದು ತೋಕ್ ಪೂ.
ಕೊನೆಯಲ್ಲಿ ನನ್ನದನ್ನೂ ಇಟ್ಟೆ.
ಹಂದಿ ಕಂಡ, ಹುಲಿ ಕಂಡ ಕೋವಿಗಳ ಪಕ್ಕ
ಬಚ್ಚಲು ಮಾತ್ರ ಕಂಡದ್ದು.
ಅದರ ಸಣ್ಣ ಬಾಯಿಗೆ ಹೂವಿನ ತೊಟ್ಟು ಹೋಗಲಿಲ್ಲ.
ಒಂದು ಕೇಸರ ಕಿತ್ತು ಸಿಕ್ಕಿಸಿದೆ.
ಯಾರೂ ಏನೂ ಅನ್ನಲಿಲ್ಲ.
ಭಾವ ಕೂಡ.

ಇವತ್ತು ಬೆಳಿಗ್ಗೆ
ತೂಗಿದ, ಆಯ್ದ, ಒರೆಸಿದ ಗುಂಡು ತುಂಬಿ,
ಉಸಿರು ಅರ್ಧ ಬಿಟ್ಟು, ಅರ್ಧ ಹಿಡಿದು,
ಅರ್ಧ ಕಿಲೋ ಟೊಮೆಟೊದಷ್ಟು ಭಾರಕ್ಕೆ
ಬೆರಳು ಒಪ್ಪುವುದನ್ನು ಕಾದೆ.

ಏಳು.

ಗುಂಡಿನದೇನೂ ತಪ್ಪಿಲ್ಲ.
ಕೈ ತೊಳೆದು, ಎರಡು ಸಲ ತೊಳೆದು,
ಕಡಂಬುಟ್ಟಿನ ನೀರಿಡಲು ಹೋದೆ.